ಬಿಟ್ಟಿ ವಿದ್ಯೆಯ ಋಣ

ಬಿಟ್ಟಿ ಸಿಕ್ಕ ವಸ್ತುವಿಗೆ ಬೆಲೆಯಿಲ್ಲವೆಂಬುದು ಲೋಕರೂಢಿಯ ಮಾತು. ಬಿಟ್ಟಿ ಸಿಕ್ಕ ವಿದ್ಯೆಗೆ ಋಣವೂ ಇಲ್ಲವೆ?

ಕನ್ನಡ ವ್ಯಾಕರಣ ಹೇಳಿಕೊಡುವವನಿಗೆ ಮಿದುಳಿನ ರಚನೆಯ ಗೊಡವೆ ಏಕೆಂದು ಯಾರಾದರೂ ಕೇಳಿಯಾರು. ಮನಸ್ಸು, ನೆನಪು, ಬುದ್ಧಿ ಎಂಬ ಮಾತುಗಳನ್ನು ದಿನವೂ ತರಗತಿಯಲ್ಲಿ ಬಳಸುವವನಿಗೆ ಅವುಗಳ ನೆಲೆಯನ್ನು ನೋಡಬೇಕೆನಿಸುವುದು ಸಹಜವಷ್ಟೆ. ಅದಕ್ಕೀಗ ಹಡಗು ಹತ್ತಬೇಕಾಗಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ತನ್ನ ಪಾಠಗಳನ್ನು ಅಂತರಜಾಲದಲ್ಲಿ ಧರ್ಮಾರ್ಥವಾಗಿ ತೆರೆದಿಡುವುದಾಗಿ ೨೦೦೧ರಲ್ಲಿಯೇ ಸಾರಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೇರಿಯನ್ ಡೈಮಂಡ್ ಅವರ ಅಂಗರಚನೆಯ ಪಾಠಗಳೂ ಹೀಗೆಯೇ ಲೋಕಕ್ಕೆಲ್ಲ ದೊರೆತವು. ಆಕೆ ೨೦೧೭ರಲ್ಲಿ ತೀರಿಕೊಂಡರು, ಪಾಠಗಳು ಉಳಿದಿವೆ.

ಆಕೆ ಟೋಪಿಯ ಪೆಟ್ಟಿಗೆಯಲ್ಲಿ ಮನುಷ್ಯನ ಮಿದುಳೊಂದನ್ನು ತರಗತಿಗೆ ತಂದು, ಕೈಯಲ್ಲಿ ಹಿಡಿದು ತೋರಿಸುತ್ತಿದ್ದರು. ಮಿದುಳೆಂದರೆ ಸುಮಾರು ೧.೩ರಿಂದ ೧.೪ ಕಿಲೋ ತೂಕ. ಅದರಲ್ಲಿ ಎಣಿಕೆಗೆ ಸಿಕ್ಕ ನರಕೋಶಗಳು ಸುಮಾರು ೮,೬೦೦ ಕೋಟಿ. ಆದರೆ ಕೈಯಲ್ಲಿದ್ದುದು ಬರಿಯ ತೂಕವಲ್ಲ. ಯಾರದೋ ಮಗುವಿನ ಹೆಸರು, ಯಾರ ಮೇಲೋ ಇಟ್ಟ ಹಗೆ, ಬಾಯಿಗೆ ಬಾರದ ಪ್ರೀತಿ, ಎಲ್ಲಕ್ಕೂ ಮನೆಯಾಗಿದ್ದುದು ಅದು. ವಿಶ್ವವಿದ್ಯಾಲಯ ಶುಲ್ಕವನ್ನು ಬಿಡಬಹುದು. ಸತ್ತವರ ಪಾಲನ್ನು ಅದು ಬಿಟ್ಟುಕೊಡಲಾರದು.

ಕೊಟ್ಟದ್ದಕ್ಕೂ ಕಸಿದದ್ದಕ್ಕೂ ಇರುವ ಅಂತರ ಇಲ್ಲಿ ದೊಡ್ಡದು. ೧೯೫೫ರಲ್ಲಿ ಐನ್‌ಸ್ಟೈನ್ ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡಾಗ, ವೈದ್ಯ ಥಾಮಸ್ ಹಾರ್ವೆ ಅವರ ಮಿದುಳನ್ನು ಮುಂಚಿತವಾದ ಒಪ್ಪಿಗೆಯಿಲ್ಲದೆ ತೆಗೆದಿಟ್ಟುಕೊಂಡರು; ಮಗನ ಸಮ್ಮತಿ ಪಡೆದದ್ದು ಆಮೇಲೆ. ಅದರ ತುಣುಕುಗಳನ್ನೇ ಪರೀಕ್ಷಿಸಿ ಡೈಮಂಡ್ ಮತ್ತು ಸಂಗಡಿಗರು ೧೯೮೫ರಲ್ಲಿ ಲೇಖನ ಪ್ರಕಟಿಸಿದರು. ಸೂಕ್ಷ್ಮದರ್ಶಕದ ಕೆಳಗೆ ದಾನದ ಮಿದುಳೂ ಕದ್ದ ಮಿದುಳೂ ಒಂದೇ ಬಗೆಯಾಗಿ ಕಾಣುತ್ತವೆ. ಭೇದವನ್ನು ಕಾಣಬೇಕಾದುದು ನೋಡುವವನ ಅಂತಃಕರಣ.

ಋಷಿಋಣವನ್ನು ಓದಿ, ಓದಿಸಿ ತೀರಿಸಬೇಕೆಂದರು ಹಿರಿಯರು. ಗುರುವಿನ ಪಾಲು ಹಾಗೆ ಸಂದೀತು. ದೇಹ ಕೊಟ್ಟವನ ಪಾಲು? ಅದಕ್ಕೆ ತಕ್ಕ ನಾಣ್ಯ ನನ್ನಲ್ಲಿ ಒಂದೇ ಇದೆ, ನನ್ನ ದೇಹ. ಆದರೆ ಅದು ನನ್ನೊಬ್ಬನದೇ ಎನ್ನಲಾರೆ. ದೇಹ ಇಡಿಯಾಗಿ ಬೆಂಕಿಗೆ ಸಲ್ಲಬೇಕೆಂದು ನಂಬಿದ ತಾಯಿ ಮನೆಯಲ್ಲಿದ್ದಾರೆ. ಅವರ ಕಣ್ಣು ತಪ್ಪಿಸಿ ಹಾಕಿದ ರುಜು ದಾನವಾಗದು. ಅದೂ ಒಂದು ಬಗೆಯ ಕಸಿದುಕೊಳ್ಳುವಿಕೆಯೆ. ನಾಳೆ ಆ ಮಾತನ್ನು ನಿಜವಾಗಿಸಬೇಕಾದವರು ಮನೆಯವರೇ ಅಲ್ಲವೆ?

ಆದಕಾರಣ ದೇಹದಾನದ ಅರ್ಜಿಯನ್ನು ತುಂಬಿಯೂ ರುಜು ಹಾಕದೆ ಇಟ್ಟಿದ್ದೇನೆ. ಮೊದಲು ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪಾಠವನ್ನು ತೋರಿಸಬೇಕು. ಅನಂತರ ಅವರು ಹೇಳುವುದನ್ನು ಕೇಳಬೇಕು.