ವೇಷ ಮತ್ತು ಸ್ವಭಾವ

ವಿಜಯದಶಮಿಯಂದು ಬನ್ನಿಯನ್ನು ಹಂಚಿಕೊಳ್ಳುವಾಗ ಪಾಂಡವರ ಅಜ್ಞಾತವಾಸವು ಸಹಜವಾಗಿಯೇ ನೆನಪಾಗುತ್ತದೆ. ಆಯುಧಗಳನ್ನು ಶಮೀವೃಕ್ಷದಲ್ಲಿ ಬಚ್ಚಿಟ್ಟು ಅವರು ವಿರಾಟನಗರವನ್ನು ಹೊಕ್ಕರು. ಧರ್ಮರಾಯನು ಕಂಕನಾದನು, ಭೀಮನು ಬಾಣಸಿಗ ವಲಲನಾದನು, ಅರ್ಜುನನು ಬೃಹನ್ನಳೆಯಾದನು, ದ್ರೌಪದಿಯು ಸೈರಂಧ್ರಿಯಾದಳು. ಅವರ ವೇಷ ಒಂದು ವರ್ಷದ್ದು. ಸಾಮಾನ್ಯ ಮನುಷ್ಯನದಾದರೋ ದಿನನಿತ್ಯದ್ದು.

ಮಹಾನಗರದ ಗೃಹಸ್ಥನನ್ನೇ ನೋಡಬಹುದು. ಮೇಲಧಿಕಾರಿಯ ಮುಂದೆ ಆತನದು ಒಂದು ಮುಖ, ಕೌಂಟರಿನಾಚೆಯ ಗಿರಾಕಿಗೆ ಇನ್ನೊಂದು, ಊರಿನಿಂದ ಬಂದ ನೆಂಟರಿಗೆ ಮತ್ತೊಂದು. ಇದು ಕಪಟವೇ?

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ನರು ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪದಲ್ಲಿ ಜನಜೀವನವನ್ನು ಅಭ್ಯಸಿಸಿ, 1956ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ನಿತ್ಯದ ಬದುಕನ್ನು ರಂಗಭೂಮಿಗೆ ಹೋಲಿಸಿದರು. ಅಲ್ಲಿಯ ಹೋಟೆಲೊಂದರಲ್ಲಿ ಅಡಿಗೆಮನೆಯ ಬಾಗಿಲು ತೆರೆದಿರಲೆಂದು ಪರಿಚಾರಿಕೆಯರೂ ಮುಚ್ಚಿರಲೆಂದು ಯಜಮಾನರೂ ಬಯಸುತ್ತಿದ್ದರಂತೆ. ಒಳಗಿನ ರೀತಿನೀತಿ ಅತಿಥಿಗಳ ಕಣ್ಣಿಗೆ ಬೀಳಬಾರದೆಂಬುದು ಯಜಮಾನರ ಕಾಳಜಿ. ಆದರೆ ಗಾಫ್‌ಮನ್ನರು ಇನ್ನೊಂದು ಸೂಕ್ಷ್ಮವನ್ನೂ ಕಂಡರು. ಪಾತ್ರಧಾರಿ ತಪ್ಪಿದಾಗ ನೋಡುವವರೂ ಕಂಡೂ ಕಾಣದಂತಿದ್ದು ಆತನ ಮಾನವನ್ನು ಕಾಯುತ್ತಾರೆ.

ಈ ಮಾತು ಚಾಳಿನ ನಿವಾಸಿಗಳಿಗೆ ಹೊಸದಲ್ಲ. ರಾತ್ರಿ ತೆಳುಗೋಡೆಯಾಚೆ ಗಂಡಹೆಂಡಿರ ಮಾತಿನ ಜಗಳ ಕೇಳಿಸಿದರೂ, ಬೆಳಿಗ್ಗೆ ನಲ್ಲಿಯ ಬಳಿ ಏನೂ ಅರಿಯದವಳಂತೆ ನಗುವ ಗೃಹಿಣಿ ಸುಳ್ಳಾಡುತ್ತಿಲ್ಲ. ಪರರ ಮಾನಕ್ಕೆ ಮರೆ ಹಿಡಿಯುತ್ತಿದ್ದಾಳೆ. ಇಂಥ ವೇಷವಿಲ್ಲದೆ ಇಕ್ಕಟ್ಟಿನ ನಗರದಲ್ಲಿ ಬಾಳುವುದೇ ಕಷ್ಟ.

ಆದರೆ ಗೋಡೆಯಾಚೆಯಿಂದ ಕೇಳಿಬರುವುದು ಜಗಳವಲ್ಲ, ಹೊಡೆತ ತಿನ್ನುವವಳ ಆಕ್ರಂದನವೆಂದಾದರೆ? ಆಗಲೂ ಕಿವಿ ಮುಚ್ಚಿಕೊಂಡು ಮರುದಿನ ನಗುವುದು ಸೌಜನ್ಯವೆನಿಸದು. ನೆರೆಯವರ ಮಾನ ಕಾಯುವ ಮರೆಯೇ ಅಲ್ಲಿ ತನ್ನ ಅಂಜಿಕೆಯನ್ನು ಮುಚ್ಚುವ ತೆರೆಯಾಗುತ್ತದೆ.

ವಿರಾಟನ ಆಸ್ಥಾನದಲ್ಲಿಯೂ ಇದೇ ಸಂಕಟ ಒದಗಿತು. ತುಂಬಿದ ಸಭೆಯಲ್ಲಿ ಕೀಚಕನು ಸೈರಂಧ್ರಿಯನ್ನು ಒದ್ದನು. ಅರಸನು ಸುಮ್ಮನಿದ್ದನು. ಕಂಕನು ಕೆರಳಿದ ವಲಲನನ್ನು ಸಂಜ್ಞೆಯಿಂದ ತಡೆದನು. ವೇಷ ಬಯಲಾದರೆ ಮತ್ತೆ ವನವಾಸ. ಆದುದರಿಂದ ಆ ಸಂಯಮಕ್ಕೆ ಕಾರಣವಿತ್ತು. ಆದರೆ ಕಾರಣವಿದ್ದ ಮಾತ್ರಕ್ಕೆ ದ್ರೌಪದಿಯ ಕಣ್ಣೀರು ಆರಲಿಲ್ಲ. ಆಕೆ ರಾತ್ರಿ ಅಡಿಗೆಮನೆಗೆ ಹೋಗಿ ಮೊರೆಯಿಟ್ಟದ್ದು ಭೀಮನಲ್ಲಿ. ಅವನು ನರ್ತನಶಾಲೆಯ ಕತ್ತಲಲ್ಲಿ ಕೀಚಕನನ್ನು ವಧಿಸಿದನು. ತಾನು ಯಾರೆಂಬುದನ್ನು ಊರಿಗೆ ತಿಳಿಸಲಿಲ್ಲ. ವೇಷವೂ ಉಳಿಯಿತು, ಧರ್ಮವೂ ಉಳಿಯಿತು.

ಇಂದಿನ ಗೃಹಸ್ಥನಿಗೆ ಗದೆ ಬೇಕಿಲ್ಲ, ವಧೆಯಂತೂ ಬೇಡವೇ ಬೇಡ. ಆಕ್ರಂದನ ಕೇಳಿದ ರಾತ್ರಿ ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಾದರೂ ಆ ಬಾಗಿಲನ್ನು ತಟ್ಟಬಹುದು. ನೆಪವೂ ಒಂದು ವೇಷವೇ. ಆದರೂ ಎತ್ತಿದ ಕೈ ಆ ಸದ್ದಿಗೆ ಕೆಳಗಿಳಿದೀತು. ಆಸರೆಗೆ ಒಬ್ಬರಿದ್ದಾರೆಂಬ ಧೈರ್ಯ ಒಳಗಿನವಳಿಗೆ ಬಂದೀತು.

ಹೀಗೆ ವೇಷದ ಪರೀಕ್ಷೆ ಒಂದೇ: ಅದು ಕಾಯುತ್ತಿರುವುದು ಯಾರನ್ನು? ಪರರನ್ನೋ, ತನ್ನ ಅಂಜಿಕೆಯನ್ನೋ? ಲೋಕದ ಮುಂದೆ ಈ ಪ್ರಶ್ನೆಯಿಂದ ನುಣುಚಿಕೊಳ್ಳಬಹುದು. ದೇವಿಯ ದೀಪದ ಮುಂದೆ ಕೈಜೋಡಿಸಿ ನಿಂತವನು ನುಣುಚಿಕೊಳ್ಳಲಾರನು. ಬನ್ನಿಯ ಮರದಲ್ಲಿ ಆಯುಧಗಳನ್ನು ಬಚ್ಚಿಟ್ಟದ್ದು ಮರೆಯುವುದಕ್ಕಲ್ಲ, ಸಮಯ ಬಂದಾಗ ಇಳಿಸಿಕೊಳ್ಳುವುದಕ್ಕೆ.