ಚೀಲ ಬಿಚ್ಚದೆ ಧಾರಣೆ ಕಟ್ಟಬೇಡಿ



ನಿಮ್ಮಲ್ಲಿ ಅರ್ಧ ಮಂದಿ ಹೊಲ ಮಾಡುವವರು, ಅರ್ಧ ಮಂದಿ ಅಂಗಡಿ, ಅಡತಿ ನಡೆಸುವವರು. ಆದ್ದರಿಂದ ನಿಮಗೆ ಗೊತ್ತಿರುವ ಮಾತಿನಿಂದಲೇ ಆರಂಭಿಸೋಣ. ಅಡತಿಗೆ ಜೋಳದ ಚೀಲ ಬಂತೆನ್ನಿ. ಹೊಲಿದ ಚೀಲವನ್ನು ದೂರದಿಂದ ನೋಡಿ ಧಾರಣೆ ಹೇಳುವ ವ್ಯಾಪಾರಿ ಯಾರಾದರೂ ಇದ್ದಾನೆಯೇ? ಚೀಲಕ್ಕೆ ಕಂಬಿ ಚುಚ್ಚಿ ಕಾಳು ತೆಗೆಯುತ್ತಾನೆ, ಅಂಗೈಯಲ್ಲಿ ಹರಡಿ ಊದುತ್ತಾನೆ, ಒಂದೆರಡು ಕಾಳು ಹಲ್ಲಿಗೆ ಹಾಕಿ ಕಚ್ಚಿ ನೋಡುತ್ತಾನೆ. ಆಮೇಲೆ ಬೆಲೆ. ಗೋಣಿ ಒಂದು ಕಡೆ ಹರಿದಿದೆ ಎಂಬ ಕಾರಣಕ್ಕೆ ಒಳಗಿನ ಕಾಳು ಕೆಟ್ಟಿದೆ ಎಂದರೆ ಅವನಿಗೆ ಪೇಟೆಯಲ್ಲಿ ನಗೆಪಾಟಲು. ಜೋಳದ ವಿಷಯದಲ್ಲಿ ಇಷ್ಟು ಜಾಣರಾದ ನಾವು ಮನುಷ್ಯನ ಕೂಸಿನ ವಿಷಯ ಬಂದಾಗ ಚೀಲ ಬಿಚ್ಚುವ ತನಕ ಕಾಯುವುದಿಲ್ಲ.

ಗಡಿಭಾಗದ ಒಂದು ಊರಿನ ಜಾತ್ರೆಯ ದಾಸೋಹದಲ್ಲಿ ಕಂಡ ಮಾತು. ಪಂಕ್ತಿಯಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ತಾಯಿಯ ಪಕ್ಕ ಕೂತಿದ್ದ. ನೋಡಲು ಚೆಂದದ ಕೂಸು, ಕೈಕಾಲು ನೆಟ್ಟಗೆ. ಕಂಬಕ್ಕೆ ಕಟ್ಟಿದ ಲೌಡ್ ಸ್ಪೀಕರ್ ಒಮ್ಮೆಲೇ ಕಿರುಚಿತು. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಚೀರಿದ, ಪತ್ರಾವಳಿ ತಳ್ಳಿದ, ನೆಲಕ್ಕೆ ಬಿದ್ದು ಹೊರಳಾಡಿದ. ಸಾರು ಪಕ್ಕದವರ ಧೋತರಕ್ಕೆ ಸಿಡಿಯಿತು. ಅಷ್ಟೇ ನಡೆದದ್ದು. ಆದರೆ ಪಂಕ್ತಿಯ ತುಂಬ ತೀರ್ಪು ಹೊರಟವು. "ಏನ್ ಹುಡುಗನ್ನ ಬೆಳಸ್ಯಾರ ನೋಡ್ರಿ" ಎಂದು ಒಬ್ಬರು. "ಎರಡ ಏಟ ಹಾಕಿದ್ರ ಸುಮ್ಮಾಗತಾನ" ಎಂದು ಇನ್ನೊಬ್ಬರು. "ಗಾಳಿ ಸೋಕೇತಿ" ಎಂದು ಮೂರನೆಯವರು. ಎಲ್ಲರಿಗಿಂತ ಹಿರಿಯ ತಾಯಿಯೊಬ್ಬರು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಹಡೆದಾಕಿ ಏನ್ ಪಾಪ ಮಾಡಿದ್ಳೋ" ಎಂದರು. ಆ ತಾಯಿ ಎಂಜಲು ಕೈಯಲ್ಲೇ ಮಗನನ್ನು ಎತ್ತಿಕೊಂಡು ಎದ್ದು ಹೋದಳು. ಪ್ರಸಾದದ ಎದುರಿನಿಂದ ಉಪವಾಸ ಎದ್ದು ಹೋದಳು ಎಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಆ ಹುಡುಗನಿಗೆ ಇರುವುದು ಆಟಿಸಂ. ಕನ್ನಡದಲ್ಲಿ ಸ್ವಲೀನತೆ ಎಂದು ಬರೆಯುತ್ತಾರೆ. ನಮಗೆ ಆ ಶಬ್ದ ಅಷ್ಟಾಗಿ ಒಪ್ಪದು. ಲೀನವಾಗುವುದೆಂದರೆ ನಮ್ಮಲ್ಲಿ ಬಹಳ ದೊಡ್ಡ ಮಾತು. ಜೊತೆಗೆ, ಈ ಕೂಸು ತನ್ನಲ್ಲೇ ಮುಳುಗಿದೆ, ಅದಕ್ಕೆ ಯಾರೂ ಬೇಡ ಎಂಬ ತಪ್ಪು ಅರ್ಥ ಅದರಲ್ಲಿ ನುಸುಳುತ್ತದೆ. ಇಂಥ ಮಕ್ಕಳಲ್ಲಿ ಬೆಳೆದು ದೊಡ್ಡವರಾಗಿ ತಮ್ಮ ಮಾತು ತಾವೇ ಬರೆದವರು ಅನೇಕರಿದ್ದಾರೆ. ಗೆಳೆಯರು ಬೇಕಿತ್ತು, ಹೇಗೆ ಸೇರಬೇಕೆಂಬುದು ತಿಳಿಯಲಿಲ್ಲ, ಯಾರೂ ಸೇರಿಸಿಕೊಳ್ಳಲಿಲ್ಲ ಎಂದು ಅವರು ಬರೆದಿದ್ದಾರೆ.

ಇದು ಹುಟ್ಟಿನಿಂದ ಬರುವ ಮಿದುಳಿನ ಒಂದು ಬಗೆ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ನೋಡಿ ಇದನ್ನು ವಿವರವಾಗಿ ಬರೆದರು. ಎಲ್ಲರಲ್ಲೂ ಒಂದೇ ತೆರ ಇರುವುದಿಲ್ಲ. ಕೆಲವರಿಗೆ ಮಾತೇ ಬರುವುದಿಲ್ಲ, ಕೆಲವರು ಪುಸ್ತಕದ ಹಾಗೆ ಮಾತಾಡುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಕಷ್ಟ, ಹೆಸರು ಹಿಡಿದು ಕೂಗಿದರೆ ತಿರುಗದಿರಬಹುದು, ಕೈ ಬೀಸುತ್ತ ಕುಣಿಯುವುದು, ಒಂದೇ ಆಟವನ್ನು ನೂರು ಸಲ ಆಡುವುದು. ನಮಗೆ ಸಾಧಾರಣವಾದ ಸಪ್ಪಳ, ಬೆಳಕು, ವಾಸನೆ ಅವರಿಗೆ ಸುಟ್ಟ ಗಾಯದ ಮೇಲೆ ಕೈಯಿಟ್ಟ ಹಾಗೆ ಆಗಬಹುದು. ಪಂಕ್ತಿಯಲ್ಲಿ ಹುಡುಗ ಮಾಡಿದ್ದು ಹಟ ಎಂದು ಕಂಡಿತು. ಅವನಿಗೆ ಅದು ನೋವು.

ಈಗ ಒಂದು ಸಂಶೋಧನೆಯ ಮಾತು ಹೇಳುತ್ತೇವೆ, ಕಿವಿಗೊಟ್ಟು ಕೇಳಿ. 2017ರಲ್ಲಿ ಅಮೆರಿಕದ ನೋವಾ ಸ್ಯಾಸನ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಆಟಿಸಂ ಇರುವವರು, ಇಲ್ಲದವರು ಇಬ್ಬರದೂ ಚಿಕ್ಕ ಚಿಕ್ಕ ವಿಡಿಯೋ ತುಣುಕುಗಳನ್ನು ಅಪರಿಚಿತರಿಗೆ ತೋರಿಸಿದರು. ಯಾರಿಗೆ ಏನಿದೆ ಎಂದು ಹೇಳಲಿಲ್ಲ. ನೋಡಿದವರು ಕೆಲವೇ ಕ್ಷಣಗಳಲ್ಲಿ ಆಟಿಸಂ ಇರುವವರ ಬಗ್ಗೆ ಇವರು ಸರಿ ಕಾಣುವುದಿಲ್ಲ, ಇವರ ಜೊತೆ ಮಾತು ಬೇಡ, ಇವರ ಪಕ್ಕ ಕೂಡುವುದು ಬೇಡ ಎಂಬ ಕಡೆಗೆ ವಾಲಿದರು. ದೊಡ್ಡವರನ್ನು ನೋಡಿದಾಗಲೂ ಹೀಗೆಯೇ, ಮಕ್ಕಳನ್ನು ನೋಡಿದಾಗಲೂ ಹೀಗೆಯೇ. ಹೆಚ್ಚು ಹೊತ್ತು ತೋರಿಸಿದರೂ ಅಭಿಪ್ರಾಯ ಬದಲಾಗಲಿಲ್ಲ. ಆಮೇಲೆ ಮುಖ, ದನಿ ಎರಡನ್ನೂ ಬಿಟ್ಟು, ಅವರು ಆಡಿದ ಮಾತನ್ನಷ್ಟೇ ಕಾಗದದ ಮೇಲೆ ಬರೆದು ಓದಲು ಕೊಟ್ಟರು. ಆಗ ಆ ಭೇದವೇ ಮಾಯವಾಯಿತು! ಮಾತಿನಲ್ಲಿ ಹುಳುಕಿರಲಿಲ್ಲ. ಕಣ್ಣು ಎತ್ತ ನೋಡುತ್ತದೆ, ದನಿ ಹೇಗೆ ಏರಿಳಿಯುತ್ತದೆ, ಕೈ ಹೇಗೆ ಆಡುತ್ತದೆ ಎಂಬುದನ್ನು ನೋಡಿ ಜನ ಮನುಷ್ಯನನ್ನೇ ತಳ್ಳಿಬಿಟ್ಟಿದ್ದರು. ಗೋಣಿ ನೋಡಿ ಧಾರಣೆ ಕಟ್ಟುವುದೆಂದರೆ ಇದೇ.

ಗಡಿಯಲ್ಲಿ ಬಾಳುವ ನಿಮಗೆ ಇದನ್ನು ತಿಳಿಸುವುದು ಸುಲಭ. ಮರಾಠಿ ಬಾರದ ಕನ್ನಡಿಗ, ಕನ್ನಡ ಬಾರದ ಮರಾಠಿಗ ಜತ್ತದ ಸಂತೆಯಲ್ಲಿ ಎದುರುಬದುರು ನಿಂತರು. ಮಾತು ತಿಳಿಯಲಿಲ್ಲ. ತಪ್ಪು ಯಾರದು? ಒಬ್ಬನದೇ ಎನ್ನಲು ಬರುತ್ತದೆಯೇ? ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಎಂಬವರು, ಸ್ವತಃ ಆಟಿಸಂ ಇರುವ ವಿದ್ವಾಂಸರು, 2012ರಲ್ಲಿ ಇದನ್ನೇ ಹೇಳಿದರು: ನಾವು ನಿಮ್ಮನ್ನು ಅರಿಯಲಾರೆವು ಎನ್ನುತ್ತೀರಿ, ನೀವಾದರೂ ನಮ್ಮನ್ನು ಅರಿತಿರಾ ಎಂಬುದು ಅವರ ಪ್ರಶ್ನೆಯ ಸಾರ. ಹತ್ತು ವರ್ಷ ಸಂತೆ ಮಾಡಿದವನು ಎರಡೂ ಭಾಷೆ ಕಲಿಯುತ್ತಾನೆ. ಕೂಸಿನ ಭಾಷೆ ಕಲಿಯಲು ಅಷ್ಟು ವರ್ಷ ಬೇಡ.

ತಾಯಿಯ ಪಾಪದ ಮಾತಿಗೆ ಬರೋಣ. ಇದನ್ನು ಆಡಿದವರು ಹಳ್ಳಿಯವರು ಮಾತ್ರವಲ್ಲ, ಬಹಳ ಓದಿದವರೂ ಆಡಿದ್ದಾರೆ. ತಾಯಿಯ ಎದೆ ತಣ್ಣಗಿದ್ದದ್ದರಿಂದ, ಅವಳು ಪ್ರೀತಿ ಕೊಡದೆ ಇದ್ದದ್ದರಿಂದ ಮಗು ಹೀಗಾಯಿತು ಎಂದು ಅಮೆರಿಕದಲ್ಲಿ ಎಷ್ಟೋ ವರ್ಷ ಹೇಳಿದರು. ಬ್ರೂನೋ ಬೆಟಲ್‌ಹೈಮ್ ಎಂಬುವರು 1967ರಲ್ಲಿ ಅದನ್ನೇ ಪುಸ್ತಕ ಮಾಡಿದರು. ಅದಕ್ಕೂ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು ಇದು ದೇಹದ ವಿಷಯ, ತಾಯಿಯ ತಪ್ಪಲ್ಲ ಎಂದು ಬರೆದಿದ್ದರು. ಅವರ ಮಗನಿಗೂ ಆಟಿಸಂ ಇತ್ತು. 1977ರಲ್ಲಿ ಸೂಸನ್ ಫೋಲ್ಸ್ಟೀನ್, ಮೈಕೆಲ್ ರಟರ್ ಇಬ್ಬರೂ ಇಂಗ್ಲೆಂಡಿನಲ್ಲಿ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4 ಕಡೆ ಇಬ್ಬರಿಗೂ ಆಟಿಸಂ ಇತ್ತು. ಬೇರೆ ರೂಪದ 10 ಜೋಡಿಗಳಲ್ಲಿ ಒಂದು ಕಡೆಯೂ ಇಬ್ಬರಿಗಿರಲಿಲ್ಲ. ಒಂದೇ ಮನೆ, ಒಂದೇ ತಾಯಿ, ಒಂದೇ ಹಾಲು. ಬೀಜದಲ್ಲಿ ಬಂದದ್ದನ್ನು ನೀರು ಹಾಯಿಸಿದವಳ ತಲೆಗೆ ಕಟ್ಟಿದ್ದರು.

ಇನ್ನು ಹಿಂದಿನ ಜನ್ಮದ ಕರ್ಮ ಎನ್ನುವವರಿಗೆ ನಮ್ಮದು ಒಂದೇ ಪ್ರಶ್ನೆ. ನಿಮ್ಮ ಮನೆಯಲ್ಲಿ ಕೂಸು ಹುಟ್ಟಿದಾಗ ಅದರ ಕೊರಳಿಗೆ ಲಿಂಗ ಕಟ್ಟಿದಿರಲ್ಲ, ಆಗ ಇದು ಮುಂದೆ ಮಾತಾಡುತ್ತದೆಯೇ, ಕಣ್ಣಿಗೆ ಕಣ್ಣು ಕೊಡುತ್ತದೆಯೇ, ಪಂಕ್ತಿಯಲ್ಲಿ ನೆಟ್ಟಗೆ ಕೂಡುತ್ತದೆಯೇ ಎಂದು ಯಾರಾದರೂ ಕೇಳಿದಿರಾ? ಪರೀಕ್ಷೆ ಪಾಸಾದ ಮೇಲೆ ಲಿಂಗ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಲಿಂಗ ಕಟ್ಟಿದ ಮೇಲೆ ಹಿಂದಿನ ಲೆಕ್ಕದ ಪುಸ್ತಕ ಮುಚ್ಚಿತು. ಅದನ್ನು ಮತ್ತೆ ತೆಗೆದು ಬಡ್ಡಿ ಹಾಕಲು ನೀವು ಯಾರು? ಎಲ್ಲರನ್ನೂ ನಮ್ಮವರೆಂದುಕೊಳ್ಳುವ ವಚನ ನಿಮಗೆಲ್ಲ ಬಾಯಿಪಾಠ ಇದೆ, ಇಲ್ಲಿ ಹೇಳುವುದಿಲ್ಲ. ಬಾಯಿಪಾಠ ಬಹಳ ಆಗಿದೆ.

ಸೊಲ್ಲಾಪುರ ಸೀಮೆಯವರಾದ ನಿಮಗೆ ಸಿದ್ಧರಾಮೇಶ್ವರರ ಕಥೆ ಹೇಳಬೇಕಾಗಿಲ್ಲ. ಸಂಕ್ರಾಂತಿಗೆ ನಂದಿಧ್ವಜ ಹೊತ್ತು ಅರವತ್ತೆಂಟು ಲಿಂಗಗಳ ಸುತ್ತ ನಡೆಯುವವರು ನೀವು. ಆದರೂ ಆ ಕಥೆಯ ಮೊದಲ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ಬಾಲ್ಯದಲ್ಲಿ ಅವರು ಉಳಿದ ಮಕ್ಕಳ ಹಾಗೆ ಇರಲಿಲ್ಲ. ಮಾತಿಲ್ಲ, ಆಟವಿಲ್ಲ. ಸೊನ್ನಲಿಗೆಯ ಮಂದಿ ಮಂಕು ಎಂದರು, ತಂದೆ ತಾಯಿ ಮರುಗಿದರು, ಕೊನೆಗೆ ದನ ಕಾಯಲು ಬಿಟ್ಟರು. ಆ ಹೊಲಕ್ಕೆ ಜಂಗಮನ ರೂಪದಲ್ಲಿ ಬಂದ ಮಲ್ಲಯ್ಯ ಮಾತ್ರ ಹುಡುಗನನ್ನು ಮಾತಾಡಿಸಿದ, ಅವನ ಕೈಯಿಂದ ಉಣ್ಣಲು ಬೇಡಿದ. ಹುಡುಗ ಅನ್ನ ಮಜ್ಜಿಗೆಗೆ ಮನೆಗೆ ಓಡಿದ. ಊರೆಲ್ಲ ದಡ್ಡ ಎಂದವನನ್ನು ಒಬ್ಬ ಮಾತ್ರ ಏನಾದರೂ ಕೇಳಿದ, ಅವನಿಂದ ಏನಾದರೂ ಸಿಕ್ಕೀತು ಎಂದು ನಂಬಿದ. ಇದು ಗಮನಿಸುವ ಮಾತು.

ಸಿದ್ಧರಾಮರಿಗೆ ಆಟಿಸಂ ಇತ್ತು ಎಂದು ನಾವು ಹೇಳುತ್ತಿಲ್ಲ. ಎಂಟು ನೂರು ವರ್ಷದ ಹಿಂದಿನ ಶಿವಯೋಗಿಗೆ ಇಂದಿನ ಡಾಕ್ಟರ ಚೀಟಿ ಅಂಟಿಸುವುದು ತಿಳಿಗೇಡಿತನ. ಹಾಗೆಯೇ ಮಾತಾಡದ ಕೂಸೆಲ್ಲ ಅವತಾರಪುರುಷ ಎಂದು ಕುಂಕುಮ ಹಚ್ಚಿ ಕಾಲಿಗೆ ಬೀಳಲು ಹೊರಡಬೇಡಿ. ಅದೂ ಚೀಲ ಬಿಚ್ಚದೆ ಕಟ್ಟಿದ ಧಾರಣೆಯೇ, ಸ್ವಲ್ಪ ಹೆಚ್ಚಿನ ಧಾರಣೆ ಅಷ್ಟೆ. ಕೂಸು ದೆವ್ವವೂ ಅಲ್ಲ, ದೇವರೂ ಅಲ್ಲ. ಅದಕ್ಕೆ ಹಸಿವೆ ಇದೆ, ಭಯ ಇದೆ, ತನ್ನದೇ ಸಂತೋಷ ಇದೆ.

ರೈತರಿಗೆ ಒಂದು ಮಾತು. ಅಮೆರಿಕದಲ್ಲಿ ಟೆಂಪಲ್ ಗ್ರ್ಯಾಂಡಿನ್ ಎಂಬ ತಾಯಿ ಇದ್ದಾರೆ, 1947ರಲ್ಲಿ ಹುಟ್ಟಿದವರು. ಮೂರೂವರೆ ವರ್ಷದವರೆಗೆ ಮಾತು ಬರಲಿಲ್ಲ. ಆಟಿಸಂ ಇದ್ದೂ ಮುಂದೆ ದನಗಳ ಶಾಸ್ತ್ರದಲ್ಲಿ ಪ್ರಾಧ್ಯಾಪಕರಾದರು. ದನ ಓಣಿಯಲ್ಲಿ ಮುಂದೆ ಹೋಗದೆ ನಿಂತರೆ ಅಲ್ಲಿಯ ಆಳುಗಳು ಹೊಡೆಯುತ್ತಿದ್ದರು. ಈಕೆ ಆ ಓಣಿಯಲ್ಲಿ ತಾನೇ ಇಳಿದು, ದನದ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದರು. ಒಂದು ಕಡೆ ನೇತಾಡುವ ಸರಪಳಿ, ಒಂದು ಕಡೆ ನೆಲದ ಮೇಲೆ ನೆರಳು, ಬೇಲಿಗೆ ಹಾಕಿದ ಅಂಗಿ. ಅದನ್ನು ತೆಗೆಸಿದರೆ ದನ ತಾನಾಗಿ ನಡೆಯಿತು. ನೀವೂ ಇದನ್ನು ಬಲ್ಲಿರಿ. ಹೊಸ ಎತ್ತು ಸೇತುವೆಯ ಹತ್ತಿರ ನಿಂತರೆ ಬಂಡಿ ಇಳಿದು ಏನು ಕಂಡಿತು ಎಂದು ನೋಡುತ್ತೀರಿ, ಅದರ ತಾಯಿ ಹಸುವನ್ನು ಬೈಯುವುದಿಲ್ಲ.

ಈ ತೀರ್ಪುಗಳಿಂದ ಏನಾಗುತ್ತದೆ ಎಂಬುದನ್ನು ಊರೂರು ತಿರುಗುವ ನಾವು ಕಾಣುತ್ತೇವೆ. ಎರಡು ಸಲ ಅವಮಾನವಾದ ತಾಯಿ ಮೂರನೆಯ ಸಲ ಮದುವೆಗೆ ಬರುವುದಿಲ್ಲ. ಆಮೇಲೆ ಜಾತ್ರೆ ಬಿಡುತ್ತಾಳೆ, ಆಮೇಲೆ ತವರು ಬಿಡುತ್ತಾಳೆ. ಬೀಗರು ಬಂದಾಗ ಆ ಕೂಸನ್ನು ಹಿಂದಿನ ಕೋಣೆಯಲ್ಲಿ ಕೂಡಿಸಿ ಚಿಲಕ ಹಾಕುವ ಮನೆಗಳಿವೆ, ಏಕೆಂದರೆ ಅಕ್ಕನ ಸೋಯರಿಕೆ ಮುರಿಯಬಾರದು. ಮನೆಯವರನ್ನು ಬೈದು ಫಲವಿಲ್ಲ. ಆ ಚಿಲಕ ಹೊರಗಿನಿಂದ ಹಾಕಿದವರು ನಾವೆಲ್ಲ, ಸೋಯರಿಕೆಗೆ ಹೋಗಿ ಮನೆಯ ಮಕ್ಕಳನ್ನು ಎಣಿಸುವವರು.

ಗಡಿಯ ಕಡೆ ಇನ್ನೊಂದು ನೆಪ ಕೇಳುತ್ತೇವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಅಥವಾ ತೆಲುಗು, ಅದಕ್ಕೇ ಮಾತು ತಡ, ತಾನೇ ಬರುತ್ತದೆ ಎಂದು ನಾಲ್ಕೈದು ವರ್ಷ ಕಾಯುತ್ತಾರೆ. ಇನ್ನು ಕೆಲವರು ಮಗುವಿನ ಜೊತೆ ಕನ್ನಡ ಆಡುವುದನ್ನೇ ಬಿಡುತ್ತಾರೆ. ಎರಡೂ ಬೇಡ. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಇರುವ ಮಗುವಿನ ಮಾತಿಗೂ ಅದರಿಂದ ಕೆಡುಕಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಅಜ್ಜಿಯ ಭಾಷೆಯನ್ನೂ ಕಸಿದುಕೊಂಡರೆ ಮಗು ಮನೆಯಲ್ಲೇ ಪರದೇಶಿ. ವರ್ಷ ತುಂಬಿದ ಕೂಸು ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೇಕಾದ್ದನ್ನು ಬೆರಳು ತೋರಿಸದಿದ್ದರೆ, ಬಂದ ಮಾತು ಹೋದರೆ, ಭಸ್ಮ ಕಟ್ಟಿಸಿ ಕೂಡಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೇ ಕೇಳಿ ತಿಳಿಯಬಹುದು. ಔಷಧ ಕುಡಿಸಿ ವಾಸಿ ಮಾಡುವ ರೋಗ ಇದಲ್ಲ. ವಾಸಿ ಮಾಡುತ್ತೇವೆ ಎಂದು ಹಣ ಕೇಳುವವರಿಂದ ದೂರವಿರಿ. ಬೇಗ ಕಲಿಸಲು ತೊಡಗಿದರೆ ಮಾತು, ಸನ್ನೆ, ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಇವು ಮಗುವಿಗೆ ಎಟುಕುವುದು ಸುಲಭವಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅದರಡಿ ಕೊಟ್ಟ ಪ್ರಮಾಣಪತ್ರ ದೇಶದ ತುಂಬ ನಡೆಯುತ್ತದೆ. ಸೊಲ್ಲಾಪುರದಲ್ಲಿ ಪಡೆದದ್ದು ಕಲಬುರಗಿಯಲ್ಲಿ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತಾಯಂದಿರಿಗೆ, ಮುಚ್ಚಿಡಬೇಡಿರವ್ವ. ನಮ್ಮ ಮಗನಿಗೆ ಹೀಗಿದೆ, ಸಪ್ಪಳ ತಾಳುವುದಿಲ್ಲ ಎಂದು ಪಕ್ಕದವರಿಗೆ ಹೇಳಿ. ಆ ಸ್ಯಾಸನ್ ಅವರೇ ಇನ್ನೊಂದು ಅಧ್ಯಯನದಲ್ಲಿ, ಇವರಿಗೆ ಆಟಿಸಂ ಇದೆ ಎಂದು ಮೊದಲೇ ತಿಳಿಸಿದಾಗ, ಅದರ ಬಗ್ಗೆ ಬಲ್ಲವರು ನೋಡಿದಾಗ, ಜನರ ಅಭಿಪ್ರಾಯ ಮೃದುವಾಗುವುದನ್ನು ಕಂಡರು.

ಬರುವ ಜಾತ್ರೆಗೆ ಮಠದಲ್ಲಿ ಕೆಲವು ಏರ್ಪಾಡು ಮಾಡಿದ್ದೇವೆ. ದಾಸೋಹದ ಮನೆಯೊಳಗೆ ಲೌಡ್ ಸ್ಪೀಕರ್ ಇರುವುದಿಲ್ಲ. ಹೊರಗಿನ ಕಂಬಕ್ಕೆ ಒಂದೇ. ಬಾವಿಯ ಕಡೆಯ ಹಳೆಯ ಪುಸ್ತಕದ ಕೋಣೆಯನ್ನು ತೆರವು ಮಾಡಿಸಿದ್ದೇವೆ. ಇಂಥ ಮಕ್ಕಳಿರುವ ಮನೆಯವರು ಅಲ್ಲಿ ಕೂಡಬಹುದು, ಬೇಕೆನಿಸಿದಾಗ ಪಂಕ್ತಿಗೆ ಬರಬಹುದು. ಬಡಿಸುವ ಹುಡುಗರಿಗೆ ಆ ಕೋಣೆಗೆ ಮೊದಲು ಪ್ರಸಾದ ಒಯ್ಯಲು ಹೇಳಿದ್ದೇವೆ. ಮಗು ಅನ್ನ ಸಾರು ಕಲೆಸಬಾರದು ಎಂದರೆ ಬೇರೆ ಬೇರೆ ಹಾಕುತ್ತಾರೆ, ಬರೀ ರೊಟ್ಟಿ ಎಂದರೆ ಬರೀ ರೊಟ್ಟಿ. ತೇರು ಎಳೆಯುವ ಹೊತ್ತಿಗೆ ಬಾಜಾ ಭಜಂತ್ರಿ ತಪ್ಪದು. ಅದಕ್ಕೆ ಮುಂಚೆ, ಬೆಳಿಗ್ಗೆ ಆರಕ್ಕೆ, ಗದ್ದಲವಿಲ್ಲದಾಗ ಬಂದು ಗದ್ದುಗೆಯ ದರ್ಶನ ಮಾಡಿ. ಬಾಗಿಲು ಆಗ ತೆರೆದಿರುತ್ತದೆ, ನಾವೂ ಇರುತ್ತೇವೆ.