ಸದನ ಸುಮ್ಮನಿದ್ದರೆ

1787ರ ಆಗಸ್ಟ್ 17ರಂದು ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನ ಬರೆಯಲು ಕೂತವರ ನಡುವೆ ಬಿರುಸಿನ ವಾದವಾಯಿತು. ಯುದ್ಧ ಹೂಡುವ ಅಧಿಕಾರ ಶಾಸಕಾಂಗದ್ದು ಎಂದು ಕರಡಿನಲ್ಲಿತ್ತು. ವರ್ಷಕ್ಕೊಮ್ಮೆ ಸೇರುವ ಸಭೆಯಿಂದ ಈ ಕೆಲಸ ಆಗದು, ಅದು ತೀರಾ ನಿಧಾನ ಎಂದು ಚಾರ್ಲ್ಸ್ ಪಿಂಕ್ನಿ ತಕರಾರು ತೆಗೆದರು. ಅಧ್ಯಕ್ಷರಿಗೇ ಕೊಟ್ಟುಬಿಡೋಣ ಎಂದರು ಪಿಯರ್ಸ್ ಬಟ್ಲರ್. ಗಣರಾಜ್ಯವೊಂದರಲ್ಲಿ ಇಂಥ ಮಾತು ಕೇಳಬೇಕಾದೀತೆಂದು ಎಣಿಸಿರಲಿಲ್ಲ ಎಂದು ಎಲ್ಬ್ರಿಜ್ ಗೆರ್ರಿ ಸಿಡಿದರು. ಯುದ್ಧಕ್ಕೆ ಅಡ್ಡಗಾಲು ಹಾಕಬೇಕು, ಶಾಂತಿಯನ್ನು ಸಲೀಸು ಮಾಡಬೇಕು ಎಂಬುದು ಜಾರ್ಜ್ ಮೇಸನ್ ನಿಲುವು. ಕೊನೆಗೆ ಮ್ಯಾಡಿಸನ್ ಮತ್ತು ಗೆರ್ರಿ ತಂದ ತಿದ್ದುಪಡಿ ಗೆದ್ದಿತು. ಏಕಾಏಕಿ ದಾಳಿಯಾದರೆ ಅಧ್ಯಕ್ಷರು ಯಾರನ್ನೂ ಕೇಳದೆ ಹಿಮ್ಮೆಟ್ಟಿಸಬಹುದು. ತಾವಾಗಿ ಯುದ್ಧಕ್ಕೆ ಹೊರಡಬೇಕಾದರೆ ಕಾಂಗ್ರೆಸ್ ಒಪ್ಪಬೇಕು. (ಇದು ನಮ್ಮ ಪಕ್ಷವಲ್ಲ, ಅವರ ಸಂಸತ್ತು.)

ಪಿಂಕ್ನಿ ದೋಷವೆಂದ ನಿಧಾನವೇ ಮೇಸನ್‌ಗೆ ಗುಣವಾಗಿ ಕಂಡಿತ್ತು. ಅದಕ್ಕೆ ತಾತ್ತ್ವಿಕ ಸಮರ್ಥನೆ ಕೊಟ್ಟವರಲ್ಲಿ ಇಬ್ಬರು ಮುಖ್ಯರು. ಜರ್ಮನಿಯ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಲೆಕ್ಕ ಹಾಕಿದ್ದು ಯುದ್ಧದ ಖರ್ಚನ್ನು. ಕಾದಾಡುವವರು, ತೆರಿಗೆ ಕಟ್ಟುವವರು, ಸಾಲ ಹೊರುವವರು ಪ್ರಜೆಗಳು. ಅವರನ್ನು ಕೇಳಿದರೆ ಹತ್ತು ಸಲ ಯೋಚಿಸುತ್ತಾರೆ. ಅರಸನಿಗಾದರೋ ಊಟವೂ ತಪ್ಪದು, ಬೇಟೆಯೂ ನಿಲ್ಲದು. ಮ್ಯಾಡಿಸನ್ ಇದಕ್ಕೂ ಒಂದು ಹೆಜ್ಜೆ ಮುಂದೆ. 1793ರಲ್ಲಿ ಹ್ಯಾಮಿಲ್ಟನ್ ಜೊತೆಗಿನ ಪತ್ರಿಕಾ ವಾಗ್ವಾದದಲ್ಲಿ, ಹೆಲ್ವಿಡಿಯಸ್ ಎಂಬ ಗುಪ್ತನಾಮದಲ್ಲಿ ಅವರು ಹೇಳಿದ್ದು, ಯುದ್ಧದಿಂದ ಕಾರ್ಯಾಂಗಕ್ಕೆ ನಷ್ಟವಾಗದಿರುವುದಷ್ಟೇ ಅಲ್ಲ, ಲಾಭವೇ ಆಗುತ್ತದೆ ಎಂದು. ಸೇನೆ ಬೆಳೆಯುತ್ತದೆ, ಖಜಾನೆ ತೆರೆಯುತ್ತದೆ, ಹುದ್ದೆ ಬಿರುದುಗಳ ಹಂಚಿಕೆ ಒಬ್ಬರ ಕೈಗೆ ಬರುತ್ತದೆ. ಲಾಭ ಪಡೆಯುವವರೇ ನ್ಯಾಯಾಧೀಶರಾಗಬಾರದು. ನಾಯಕರು ಕೆಟ್ಟವರೆಂದಲ್ಲ, ಒಳ್ಳೆಯವರ ಕೈಯಲ್ಲೂ ಇದು ಇರಬಾರದು ಎಂಬುದೇ ಈ ವಾದದ ಬಿಗಿ.

ಎದುರುವಾದವೂ ಹಗುರವಲ್ಲ. ವಿದೇಶ ವ್ಯವಹಾರ ಕಾಯಿದೆಯ ಅಳತೆಗೆ ಸಿಗುವಂಥದ್ದಲ್ಲ, ಎದುರಾಳಿಯ ನಡೆ ನೋಡಿಕೊಂಡು ಹೆಜ್ಜೆ ಇಡಬೇಕು ಎಂದಿದ್ದ ಇಂಗ್ಲೆಂಡಿನ ತತ್ತ್ವಜ್ಞಾನಿ ಲಾಕ್, ಯುದ್ಧ-ಶಾಂತಿಯ ಅಧಿಕಾರವನ್ನು ಕಾರ್ಯಾಂಗದ ಕೈಯಿಂದ ಬೇರ್ಪಡಿಸುವುದೇ ಕಷ್ಟ ಎಂದಿದ್ದ. ಕ್ಷಿಪಣಿಗಳ ಕಾಲದಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ಆದರೆ ದಾಳಿ ತಡೆಯುವ ಸ್ವಾತಂತ್ರ್ಯವನ್ನು ಮ್ಯಾಡಿಸನ್ ಮೊದಲೇ ಕೊಟ್ಟಿದ್ದರಲ್ಲ! ಉಳಿದ ಯುದ್ಧಗಳಲ್ಲಿ ಹೆಚ್ಚಿನವು ತಿಂಗಳುಗಟ್ಟಲೆ ಸಿದ್ಧತೆಯಾಗಿ ನಡೆದವು. ಅವಸರದ ನೆಪ ಅಲ್ಲಿ ನಿಲ್ಲುವುದಿಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆಯ ಕೀಲು ಬೇರೆ ಕಡೆ ಇದೆ. ಸದನ ಏನೂ ಹೇಳದೆ ಸುಮ್ಮನೆ ಕೂತರೆ ಅದನ್ನು ಹೂಂ ಎಂದು ತಿಳಿಯಬೇಕೋ, ಉಹೂಂ ಎಂದೋ? ಮೌನಂ ಸಮ್ಮತಿ ಲಕ್ಷಣಂ ಎನ್ನುವ ನಮ್ಮ ರೂಢಿಗೆ ನೇರ ವಿರುದ್ಧವಾದದ್ದು 1787ರ ಏರ್ಪಾಡು. ಕಾಂಗ್ರೆಸ್ ಬಾಯಿಬಿಡದಿದ್ದರೆ ಯುದ್ಧವಿಲ್ಲ.

ಅದು ತಲೆಕೆಳಗಾದದ್ದು ಮೆಲ್ಲಮೆಲ್ಲನೆ. ಅಮೆರಿಕ ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 1942ರಲ್ಲಿ ಕೊನೆ. 1950ರಲ್ಲಿ ಅಧ್ಯಕ್ಷ ಟ್ರೂಮನ್ ಕಾಂಗ್ರೆಸ್ಸನ್ನು ಕೇಳದೆ ಕೊರಿಯಾಕ್ಕೆ ಸೇನೆ ಕಳಿಸಿ, ಅದು ಬರೀ ಪೊಲೀಸ್ ಕಾರ್ಯಾಚರಣೆ ಎಂಬ ಮಾತನ್ನು ಒಪ್ಪಿಕೊಂಡರು. 1964ರ ಟೊಂಕಿನ್ ಕೊಲ್ಲಿ ನಿರ್ಣಯದಲ್ಲಿ ಕಾಂಗ್ರೆಸ್ಸೇ ವಿಯೆಟ್ನಾಂಗೆ ಮುಂಗಡವಾಗಿ ಅಂಕಿತ ಹಾಕಿಕೊಟ್ಟಿತು: ಕೆಳಮನೆಯಲ್ಲಿ 416-0, ಸೆನೆಟ್‌ನಲ್ಲಿ 88-2.

ಕೈಸುಟ್ಟ ಮೇಲೆ, 1973ರಲ್ಲಿ, ನಿಕ್ಸನ್ ಹಾಕಿದ ವೀಟೋವನ್ನು ಮೆಟ್ಟಿ ಯುದ್ಧಾಧಿಕಾರ ನಿರ್ಣಯ ಬಂತು. ಅಧ್ಯಕ್ಷರು ಸೇನೆಯನ್ನು ಕದನಕ್ಕಿಳಿಸಿದ 48 ಗಂಟೆಯೊಳಗೆ ವರದಿ ಕೊಡಬೇಕು. 60 ದಿನಗಳಲ್ಲಿ ಕಾಂಗ್ರೆಸ್ ಒಪ್ಪದಿದ್ದರೆ ಸೇನೆ ಹಿಂತಿರುಗಬೇಕು, ಅದಕ್ಕೆ ಹೆಚ್ಚೆಂದರೆ ಇನ್ನು 30 ದಿನ. ನಡುವೆ ಯಾವಾಗ ಬೇಕಾದರೂ ಎರಡೂ ಸದನ ಸೇರಿ, ಅಧ್ಯಕ್ಷರ ಸಹಿಯಿಲ್ಲದೆಯೇ, ವಾಪಸ್ ಕರೆಸಬಹುದು. ಮೌನಕ್ಕೆ ಮತ್ತೆ ಉಹೂಂ ಎಂಬ ಅರ್ಥ ಕೊಡುವ ಜಾಣ ಪ್ರಯತ್ನ ಇದು. 60 ದಿನಗಳ ಕದನಕ್ಕೆ ಪುಕ್ಕಟೆ ಪರವಾನಗಿ ಕೊಟ್ಟಂತಾಯಿತು ಎಂಬ ಟೀಕೆಯೂ ಸುಳ್ಳಲ್ಲ.

ಈ ನಿರ್ಣಯಕ್ಕೆ ಪೆಟ್ಟು ಬಿದ್ದದ್ದು ಯುದ್ಧಕ್ಕೆ ಸಂಬಂಧವೇ ಇಲ್ಲದ ಒಂದು ಗಡೀಪಾರು ಮೊಕದ್ದಮೆಯಿಂದ. 1983ರ ಛಡ್ಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸದನಗಳ ತೀರ್ಮಾನ ಕಾನೂನಿನ ಬಲ ಪಡೆಯಬೇಕಾದರೆ ಅಧ್ಯಕ್ಷರ ಮುಂದೆ ಹೋಗಲೇಬೇಕು ಎಂದಿತು. ಅಂದರೆ ಯುದ್ಧ ನಿಲ್ಲಿಸು ಎಂಬ ಆದೇಶಕ್ಕೂ ಯುದ್ಧ ಮಾಡುತ್ತಿರುವವರೇ ವೀಟೋ ಹಾಕಬಹುದು. 2019ರಲ್ಲಿ ಹಾಗೇ ಆಯಿತು. ಯೆಮನ್ ಯುದ್ಧಕ್ಕೆ ಕೊಡುತ್ತಿದ್ದ ನೆರವು ನಿಲ್ಲಿಸಬೇಕೆಂದು ಸೆನೆಟ್ 54-46ರಿಂದ, ಕೆಳಮನೆ 247-175ರಿಂದ ಹೇಳಿದವು. ಟ್ರಂಪ್ ವೀಟೋ ಹಾಕಿದರು. ಅದನ್ನು ಮೆಟ್ಟಲು ಬೇಕಾದ ಮೂರನೇ ಎರಡು ಬಹುಮತ ಸೆನೆಟ್‌ನಲ್ಲಿ ಸಿಗಲಿಲ್ಲ. ಶುರುಮಾಡಲು ಯಾರ ಮತವೂ ಬೇಡ, ನಿಲ್ಲಿಸಲು ಮೂರನೇ ಎರಡು ಮತ ಬೇಕು!

ಪಕ್ಷ ಯಾವುದಾದರೂ ಈ ಅನುಕೂಲ ಯಾರಿಗೂ ಬೇಡವಾಗಿಲ್ಲ. 2011ರಲ್ಲಿ ಲಿಬಿಯಾದ ಮೇಲೆ ಬಾಂಬು ಬೀಳುತ್ತಿರುವಾಗಲೇ 60 ದಿನದ ಗಡುವು ಮುಗಿಯಿತು. ನೆಲದ ಮೇಲೆ ನಮ್ಮ ಕಾಲಾಳುಗಳಿಲ್ಲ, ನಮ್ಮವರು ಸತ್ತಿಲ್ಲ, ಹಾಗಾಗಿ ಇದು ಕಾಯಿದೆ ಹೇಳುವ ಕದನವೇ ಅಲ್ಲ ಎಂದಿತು ಒಬಾಮಾ ಸರ್ಕಾರ. ಬಾಂಬು ಬಿದ್ದ ಕಡೆಯವರನ್ನು ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತೇನೋ. ಆದರೆ ಬರೀ ಅಧ್ಯಕ್ಷರನ್ನು ದೂರುವುದು ಅರ್ಧ ಸತ್ಯ. ಮತ ಹಾಕದ ಸದಸ್ಯ ಯುದ್ಧ ಗೆದ್ದರೆ ಚಪ್ಪಾಳೆ ತಟ್ಟಬಹುದು, ಸೋತರೆ ಬೈಯಬಹುದು. ಸುಮ್ಮನಿರುವುದರಲ್ಲಿ ಅವನಿಗೂ ಲಾಭವಿದೆ. ನಾಯಕನ ಮಹತ್ವಾಕಾಂಕ್ಷೆಯನ್ನು ಅಷ್ಟು ಚೆನ್ನಾಗಿ ಅಳೆದ ಮ್ಯಾಡಿಸನ್, ಶಾಸಕನ ಈ ಜಾಣತನವನ್ನು ಅಷ್ಟಾಗಿ ಅಳೆಯಲಿಲ್ಲ ಎನಿಸುತ್ತದೆ.

ಬೇರೆ ದೇಶಗಳ ಕಡೆ ನೋಡಿದರೆ, ಬ್ರಿಟನ್ ಕಾಯಿದೆಯ ಬದಲು ರೂಢಿಯನ್ನೇ ನೆಚ್ಚಿಕೊಂಡಿತು. 2013ರಲ್ಲಿ ಸಿರಿಯಾ ಮೇಲಿನ ದಾಳಿಯ ಪ್ರಸ್ತಾವ 285-272ರಿಂದ ಬಿದ್ದಾಗ ಪ್ರಧಾನಿ ಕ್ಯಾಮರನ್ ತಲೆಬಾಗಿದರು. 2018ರಲ್ಲಿ ಥೆರೆಸಾ ಮೇ ಮತಕ್ಕೆ ಕಾಯದೆ ದಾಳಿ ಮಾಡಿಸಿದರು. ನಮ್ಮಲ್ಲಿ ತುರ್ತುಪರಿಸ್ಥಿತಿ ಘೋಷಣೆಗೆ ಒಂದು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ ಬೇಕೆಂದು 352ನೇ ವಿಧಿ ಹೇಳುತ್ತದೆ, ಯುದ್ಧಕ್ಕೆ ಮುಂಚಿತ ಒಪ್ಪಿಗೆ ಬೇಕೆಂದು ಸಂವಿಧಾನ ಎಲ್ಲೂ ಹೇಳುವುದಿಲ್ಲ.

ಮೌನದ ಪ್ರಶ್ನೆಗೆ ಖಚಿತ ಉತ್ತರ ಕೊಟ್ಟದ್ದು ಜರ್ಮನಿ. ಸೇನೆ ಸಂಸತ್ತಿಗೆ ಸೇರಿದ್ದು, ಹೊರದೇಶದಲ್ಲಿ ಸಶಸ್ತ್ರ ಕಾರ್ಯಾಚರಣೆಗೆ ಬುಂಡೆಸ್ಟಾಗ್ ಒಪ್ಪಲೇಬೇಕು ಎಂದು 1994ರಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ ತೀರ್ಪಿತ್ತಿತು. 2005ರಲ್ಲಿ ಅದಕ್ಕೊಂದು ಕಾಯಿದೆಯೂ ಆಯಿತು. ತುರ್ತು ಇದ್ದರೆ ಸರ್ಕಾರ ಮೊದಲು ಸೈನಿಕರನ್ನು ಕಳಿಸಿ ಆಮೇಲೆ ಕೇಳಬಹುದು, ಸದನ ಬೇಡವೆಂದರೆ ವಾಪಸ್ ಕರೆಸಬೇಕು. ಒಪ್ಪಿಗೆಯ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಅಫ್ಘಾನಿಸ್ತಾನದಲ್ಲಿ ಸೈನಿಕರು ಇದ್ದಷ್ಟು ಕಾಲವೂ ಆ ಒಪ್ಪಿಗೆಯನ್ನು ಮತ್ತೆ ಮತ್ತೆ ಮತಕ್ಕೆ ಹಾಕಬೇಕಾಯಿತು, ಯಾವ ಸದಸ್ಯ ಯಾವ ಕಡೆ ಎಂಬುದು ಪ್ರತಿ ಸಲವೂ ದಾಖಲಾಯಿತು.